ಹೊರಗೆ ಕಾಣದ ಬೀಗ

ಮೊನ್ನೆ ನಮ್ಮ ಮನೆಯ ಮುಂಬಾಗಿಲಿಗೆ ಬಡಗಿ ಬೈರಿಗೆಯಿಂದ ತೂತು ಕೊರೆಯುತ್ತಿದ್ದ. ನಾನು ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಪೇಪರು ಓದುವ ನಟನೆ ಮಾಡುತ್ತಿದ್ದೆ. ಕೊಳ್ಳೇಗಾಲದ ನಮ್ಮ ಬೀದಿಯಲ್ಲಿ ಹೋದ ತಿಂಗಳು ಯಾರದೋ ಮನೆಯ ಬೀಗ ಒಡೆದಾಗಿನಿಂದ ನನ್ನ ಹೆಂಡತಿಗೆ ಸಮಾಧಾನವಿಲ್ಲ. ನೇತಾಡುವ ಬೀಗವನ್ನು ಯಾರು ಬೇಕಾದರೂ ಮೀಟಿ ತೆಗೆಯುತ್ತಾರೆ, ಕದದೊಳಗೇ ಕೂರುವ ಬೀಗ ಬೇಕು ಎಂದು ಅವಳ ಹಟ. ಬೈರಿಗೆ ಇಳಿಯುತ್ತಿದ್ದ ಹಾಗೆ ಹೊನ್ನೆ ಮರದ ಪುಡಿಯ ವಾಸನೆ ಎದ್ದಿತು. ನಾನು ಪೇಪರು ಮಡಿಸಿಟ್ಟೆ. ಈ ವಾಸನೆ ಮೂಗಿಗೆ ಬಿದ್ದರೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ. ಯಾಕೆಂದು ಹೇಳುತ್ತೇನೆ, ಕೇಳಿ.

ಕೊಳ್ಳೇಗಾಲದ ಸೀಮೆ ಮದ್ರಾಸನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ನನ್ನನ್ನು ಹನೂರಿಗೆ ಮೇಷ್ಟರನ್ನಾಗಿ ಹಾಕಿದರು. ನಾನು ಮೈಸೂರು ಪೇಟೆಯಲ್ಲಿ ಹುಟ್ಟಿ ಬೆಳೆದವನು. ಆಗಿನ್ನೂ ಮದುವೆಯಾಗಿರಲಿಲ್ಲ. ಮಾದಮ್ಮ ಎಂಬ ವಿಧವೆಯ ಮನೆಯಲ್ಲಿ ಮುಂದಿನ ಕೋಣೆ ನನಗೆ ಸಿಕ್ಕಿತು. ಹಿಂದಿನ ಭಾಗದಲ್ಲಿ ಆಕೆ ಇದ್ದಳು. ಇಬ್ಬರಿಗೂ ಒಂದೇ ಮುಂಬಾಗಿಲು, ಹೊನ್ನೆ ಮರದ ಒಂಟಿ ಕದ. ನನ್ನ ಆಸ್ತಿಯೆಂದರೆ ಒಂದು ಟ್ರಂಕು, ಒಂದು ಛತ್ರಿ, ಮತ್ತು ನಮ್ಮ ಸೋದರಮಾವ ಪ್ರೀತಿಯಿಂದ ಕೊಟ್ಟಿದ್ದ ಟೇಬಲ್ ಫ್ಯಾನು. ನಮ್ಮ ಬೀದಿಗೆ ಕರೆಂಟು ಬಂದಿರಲಿಲ್ಲ, ಆ ಮಾತು ಬೇರೆ. ಬೀಸದ ಆ ಫ್ಯಾನನ್ನು ಯಾರಾದರೂ ಕದ್ದುಬಿಟ್ಟರೆ ಎಂಬುದು ನನ್ನ ಹಗಲಿರುಳಿನ ಚಿಂತೆ.

ಚಿಂತೆಗೆ ಕಾರಣ ಮಾದಮ್ಮನ ಪದ್ಧತಿ. ಹೊಲಕ್ಕೆ ಹೊರಟರೆ ಆಕೆ ಬಾಗಿಲು ಎಳೆದು, ಹೊರಗಿನ ಚಿಲಕ ಹಾಕಿ, ಅದಕ್ಕೆ ಒಂದು ಕಡ್ಡಿ ಸಿಕ್ಕಿಸಿ ಹೋಗುತ್ತಿದ್ದಳು. ಆ ಬೀದಿಯಲ್ಲೆಲ್ಲ ಹಾಗೇ. ಕಡ್ಡಿ ಇದ್ದರೆ ಮನೆಯವರು ಇಲ್ಲೇ ಎಲ್ಲೋ ಹೋಗಿದ್ದಾರೆ, ಬೇಕಾದವರು ಕಡ್ಡಿ ತೆಗೆದು ಒಳಗೆ ಹೋಗಿ ನೀರು ಕುಡಿದು ಕೂರಬಹುದು. ಬೀಗ ನೇತಾಡುತ್ತಿದ್ದರೆ ಮನೆಮಂದಿಯೆಲ್ಲ ಬೇರೆ ಊರಿಗೆ ಹೋಗಿದ್ದಾರೆ. ಎರಡೂ ಇಲ್ಲದೆ ಬಾಗಿಲು ಬಿಗಿಯಾಗಿ ಮುಚ್ಚಿದ್ದರೆ ಒಳಗೆ ಜನ ಇದ್ದಾರೆ, ಅಗುಳಿ ಹಾಕಿಕೊಂಡಿದ್ದಾರೆ. ಮಕ್ಕಳಿಗೂ ಇದು ಗೊತ್ತಿತ್ತು. ಮಕ್ಕಳಿಗೆ ಪಾಠ ಹೇಳುವ ನನಗೆ ಗೊತ್ತಿರಲಿಲ್ಲ.

ದಸರಾ ರಜೆಗೆ ಮೈಸೂರಿಗೆ ಹೋದವನು ಅಂಗಡಿಯಲ್ಲಿ ಆರಿಸಿ ಆರಿಸಿ ಒಂದು ಒಳಬೀಗ ತಂದೆ. ಕದದ ದಪ್ಪದೊಳಗೇ ಪೆಟ್ಟಿಗೆ ಕೂರುವಂಥದ್ದು. ಬೀಗದ ಕೈ ತಿರುಗಿಸಿದರೆ ಹೆಬ್ಬೆರಳು ಗಾತ್ರದ ಉಕ್ಕಿನ ನಾಲಗೆ ಹೊರಬಂದು ಬಾಗಿಲುವಾಡದ ಚೌಕಟ್ಟಿನೊಳಕ್ಕೆ ಹೊಕ್ಕು ಕೂರುತ್ತಿತ್ತು. ಹೊರಗಿನಿಂದ ನೋಡಿದರೆ ಕಾಸಿನಗಲದ ಹಿತ್ತಾಳೆ ಬಿಲ್ಲೆ, ಅದರಲ್ಲೊಂದು ತೂತು, ಅಷ್ಟೇ. ಮಾದಮ್ಮ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮೇಷ್ಟ್ರು ಓದ್ದೋರು, ಏನೋ ತಿಳ್ಕಂಡೇ ತಂದಿರ್ತೀರಿ, ಆಕ್ಸಿ" ಎಂದಳು. ಆಕೆಯ ಒಪ್ಪಿಗೆಯಲ್ಲಿ ನನ್ನ ಮೇಲಿನ ಮರ್ಯಾದೆಯೇ ಹೆಚ್ಚಿತ್ತು.

ಕೂರಿಸಲು ಬಂದವನು ಸಿದ್ದಾಚಾರಿ. ಅರ್ಧ ತಮಿಳು, ಅರ್ಧ ಕನ್ನಡ ಆಡುತ್ತಿದ್ದ ಮುದುಕ. ಬೀಗಕ್ಕೆ ಅವನು ಪೂಟು ಎನ್ನುತ್ತಿದ್ದ. ಕದದ ಅಂಚಿಗೆ ಸಾಲಾಗಿ ಬೈರಿಗೆಯಲ್ಲಿ ತೂತು ಹೊಡೆದು, ಉಳಿಯಿಂದ ಕೆತ್ತಿ, ಪೆಟ್ಟಿಗೆಯನ್ನು ಅಲುಗಾಡದ ಹಾಗೆ ಒಳಗೆ ಇಳಿಸಿದ. ನಾಲಗೆಯ ತುದಿಗೆ ಮಾದಮ್ಮನಿಂದ ದೇವರ ಗೂಡಿನ ಕುಂಕುಮ ಇಸಿದುಕೊಂಡು ಬಳಿದು, ಬಾಗಿಲು ಮುಚ್ಚಿ ತಿರುಗಿಸಿದ. ಬಾಗಿಲುವಾಡದ ಮೇಲೆ ಎಲ್ಲಿ ಕೆಂಪು ಅಂಟಿತೋ ಅಲ್ಲೇ ಗೂಡು ಕೊರೆಯಬೇಕು. ಉಳಿ ಇಡುವ ಮೊದಲು ವಾಡಕ್ಕೆ ಕೈಮುಗಿದ. ಆಮೇಲೆ ನನ್ನ ಕಡೆ ತಿರುಗಿದ.

"ಒಳ್ಳೇ ಪೂಟು ಸಾ. ಆದ್ರೆ ಮನೇಲಿ ಜನ ಅವ್ರಾ ಇಲ್ವಾ ಅಂತ ಬಂದೋರ್ಗೆ ತಿಳಿಯಾದೆಂಗೆ?"

"ತಿಳೀಬಾರದು ಅಂತಲೇ ಈ ಬೀಗ ಆಚಾರ್ರೇ. ಕಳ್ಳ ಗೊಂದಲಕ್ಕೆ ಬೀಳಬೇಕು" ಎಂದೆ. ಎಷ್ಟು ಜಾಣತನದ ಉತ್ತರ ಎಂದು ಆ ಹೊತ್ತಿಗೆ ನನಗೇ ಮೆಚ್ಚಿಗೆಯಾಗಿತ್ತು. ಅವನು ತಲೆಯಾಡಿಸಿ ಉಳಿ ಇಟ್ಟ.

ಬೀಗದ ಕೈ ಎರಡಿದ್ದವು. ಒಂದು ನನಗೆ, ಒಂದು ಮಾದಮ್ಮನಿಗೆ. ಮರುದಿನ ಆಕೆ ಶಾಗ್ಯದ ದಾರಿಯಲ್ಲಿದ್ದ ಹೊಲಕ್ಕೆ ಕಳೆ ಕೀಳಲು ಬೆಳಿಗ್ಗೆಯೇ ಹೋದಳು. ನಾನು ಸ್ನಾನ ಮಾಡಿ, ಬಾಗಿಲು ಎಳೆದು, ಬೀಗದ ಕೈ ತಿರುಗಿಸಿ, ಒಮ್ಮೆ ತಳ್ಳಿ ನೋಡಿ, ಎದೆಯುಬ್ಬಿಸಿಕೊಂಡು ಸ್ಕೂಲಿಗೆ ಹೊರಟೆ. ಫ್ಯಾನಿನ ಚಿಂತೆಯಿಲ್ಲದೆ ಪಾಠ ಮಾಡಿದ ಮೊದಲ ದಿನ ಅದು.

ಈಗ ಮಾದಮ್ಮನ ಮಗಳ ಸಂಗತಿ ಹೇಳಬೇಕು. ಹೆಸರು ಚಿಕ್ಕತಾಯಿ, ಒಬ್ಬಳೇ ಮಗಳು. ಕಾಡಂಚಿನ ಹೂಗ್ಯಂ ಎಂಬ ಊರಿಗೆ ಕೊಟ್ಟಿದ್ದರು. ಗಂಡ ಕೈ ಮಾಡುತ್ತಿದ್ದ. ಎರಡು ಸಲ ಅವಳು ತವರಿಗೆ ಬಂದಿದ್ದಳು, ಎರಡು ಸಲವೂ ಮಾದಮ್ಮ ಬುದ್ಧಿ ಹೇಳಿ ವಾಪಸು ಕಳಿಸಿದ್ದಳು. ಎರಡನೆಯ ಸಲ ನಾನೂ ಮನೆಯಲ್ಲೇ ಇದ್ದೆ. ಬೀದಿಯವರ ಬಾಯಿಗೆ ಹೆದರಿದ ತಾಯಿ, "ಇನ್ನೊಂದ್ಸಲ ಗಂಡನ್ನ ಬುಟ್ಟು ಬಂದೀಯೆ, ನಾನ್ ಬಾಗ್ಲೇ ತೆಗಿಯಾಕಿಲ್ಲ ನೋಡು" ಎಂದಿದ್ದಳು. ಸಿಟ್ಟಿನಲ್ಲಿ ಯಾವ ತಾಯಿ ಏನು ಆಡುವುದಿಲ್ಲ ಹೇಳಿ.

ಸಂಜೆ ನಾನು ಸ್ಕೂಲಿನಿಂದ ಬರುವ ಹೊತ್ತಿಗೆ ಮಾದಮ್ಮ ಜಗಲಿಯ ಮೇಲೆ ಕೂತಿದ್ದಳು. ಎದುರು ಮನೆಯ ಮುದುಕಿ ಪುಟ್ಟಮ್ಮ ಅವಳಿಗೆ ಹೇಳುತ್ತಿದ್ದಳು: "ಮದ್ಯಾನ ನಿನ್ ಮಗ್ಳು ಬಂದಿದ್ಲು ಕಣೆ. ಬಾಗ್ಲು ಬಡ್ದು ಬಡ್ದು ಅವ್ವಾ ಅವ್ವಾ ಅಂತ ಕೂಗ್ತಿದ್ಲು. ಗ್ವಾಡೆ ಹಿಡ್ಕಂಡು ನಾನ್ ಎದ್ದು ಬರೋ ಒತ್ಗೆ ಒಂಟೋಗ್ಬುಟ್ಟಿದ್ಲು."

ಚಿಲಕದಲ್ಲಿ ಕಡ್ಡಿ ಇರಲಿಲ್ಲ. ಬೀಗ ನೇತಾಡುತ್ತಿರಲಿಲ್ಲ. ಮಗಳು ಏನೆಂದುಕೊಂಡಳೆಂದು ಮಾದಮ್ಮನಿಗೆ ಆಗಲೇ ಹೊಳೆದಿತ್ತು. "ಒಳ್ಗೇ ಕೂತ್ಕಂಡು ತೆಗೀನಿಲ್ಲ ಅಂದ್ಕಂಡ್ಳಲ್ಲ ಮೇಷ್ಟ್ರೆ! ನನ್ ಬಾಯ್ಗೆ ಮಣ್ಣಾಕ" ಎಂದು ಬಾಯಿ ಬಡಿದುಕೊಂಡಳು. ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮರುದಿನ ಸ್ಕೂಲಿಗೆ ರಜೆ ಚೀಟಿ ಕಳಿಸಿ ನಾನೂ ಆಕೆಯ ಜೊತೆ ಹೂಗ್ಯಂಗೆ ಹೊರಟೆ. ಬಸ್ಸಿಳಿದು ಬಿಸಿಲಿನಲ್ಲಿ ನಡೆದೆವು. ಚಿಕ್ಕತಾಯಿ ಹಿತ್ತಿಲಲ್ಲಿ ಪಾತ್ರೆ ಉಜ್ಜುತ್ತಿದ್ದಳು. ಒಂದು ಕಣ್ಣಿನ ಕೆಳಗೆ ಊದಿತ್ತು. ತಾಯಿಯನ್ನು ನೋಡಿಯೂ ಕೈ ನಿಲ್ಲಿಸಲಿಲ್ಲ.

"ನಾನ್ ಒಳ್ಗಿರ್ನಿಲ್ಲ ಕಣವ್ವಾ. ಕಳೆ ಕೀಳಕ್ಕೋಗಿದ್ದೆ" ಎಂದಳು ಮಾದಮ್ಮ.

"ಕಡ್ಡಿ ಇರ್ನಿಲ್ಲ. ಎಷ್ಟ್ ಕೂಗ್ದೆ ಗೊತ್ತಾ? ಇಲ್ಗೆ ಬಂದ್ರೆ, ನಿಮ್ಮವ್ವನೇ ಬಾಗ್ಲು ತೆಗೀನಿಲ್ಲ, ಇನ್ನೆಲ್ಗೋದಿಯೆ ಅಂತ ನಗ್ತಾನೆ ಅವ್ನು."

ನಾನು ಜೇಬಿನಿಂದ ಬೀಗದ ಕೈ ತೆಗೆದು, ಒಳಬೀಗ ಎಂದರೇನು, ನಾಲಗೆ ಹೇಗೆ ಹೊರಬರುತ್ತದೆ ಎಂದು ವಿವರಿಸಲು ಹೊರಟೆ. ಮೂರನೇ ಕ್ಲಾಸಿಗೆ ಪಾಠ ಮಾಡುವ ಅದೇ ದನಿ. ನಡುವೆ ನನಗೇ ಅಸಹ್ಯವಾಗಿ ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡೆ. "ತಪ್ಪು ನಂದಮ್ಮ. ನಿಮ್ಮವ್ವಂದಲ್ಲ. ಬಂದು ಬಾಗಿಲು ನೋಡು, ಆಮೇಲೆ ನಂಬು" ಎಂದೆ.

ಗಂಡ ಕಾಡಿಗೆ ಹೋಗಿದ್ದ. ಅತ್ತೆ ಗೊಣಗುತ್ತಿದ್ದರೂ ಅವಳು ಎದ್ದು ಕೈ ತೊಳೆದು ನಮ್ಮ ಜೊತೆ ಬಂದಳು. ಹನೂರಿನ ಮನೆ ತಲುಪಿ ಬಾಗಿಲಿನ ಮುಂದೆ ನಿಂತು, ಬೀಗದ ಕೈ ಇಸಿದುಕೊಂಡು ತಾನೇ ತಿರುಗಿಸಿದಳು. ಬಾಗಿಲು ತೆರೆಯಿತು. ಒಳಗೆ ನಿಜವಾಗಿಯೂ ಯಾರೂ ಇರಲಿಲ್ಲ. ಆಮೇಲೆ ನಾಲಗೆಯನ್ನು ಹೊರಗೆ ತರುವುದು, ಒಳಗೆ ಕಳಿಸುವುದು, ಮತ್ತೆ ತರುವುದು. ಎಷ್ಟು ಸಲ ಹಾಗೆ ಮಾಡಿದಳೋ. ಕೊನೆಗೆ ಹೊಸಿಲ ಮೇಲೆ ಕುಸಿದು ಅತ್ತಳು. ಮಾದಮ್ಮನೂ ಪಕ್ಕದಲ್ಲಿ ಕೂತಳು. ನಾನು ಹೊರಗೆ ಬೀದಿಯಲ್ಲಿ ನಿಂತು, ಹೋಗಿಬರುವವರಿಗೆ ನಮಸ್ಕಾರ ಹೇಳುತ್ತಿದ್ದೆ.

ಬೀಗ ಕಿತ್ತುಹಾಕಲು ಮರುದಿನವೇ ಸಿದ್ದಾಚಾರಿಯನ್ನು ಕರೆತಂದೆ. ಮಾದಮ್ಮ ಬಿಡಲಿಲ್ಲ. "ಬ್ಯಾಡಿ, ಇರ್ಲಿ. ನಿಮ್ ಕೈಲಿರೋ ಬೀಗದ್ ಕೈಯ ಅವ್ಳಿಗ್ ಕೊಟ್ಬುಡಿ" ಎಂದಳು. ಕೊಟ್ಟೆ. ಚಿಕ್ಕತಾಯಿ ತವರಿನಲ್ಲೇ ಉಳಿದಳು. ಐದಾರು ತಿಂಗಳ ನಂತರ ಎರಡೂ ಕಡೆಯ ಹಿರಿಯರು ಕೂತು, ಗಂಡನ ಕೈಯಲ್ಲಿ ಆಣೆ ಹಾಕಿಸಿ ಅವಳನ್ನು ಕಳಿಸಿದರು. ಹೋಗುವಾಗ ಆ ಬೀಗದ ಕೈಯನ್ನು ಕೊರಳ ದಾರಕ್ಕೆ ಕಟ್ಟಿಕೊಂಡು, ಸೆರಗಿನೊಳಗೆ ಮುಚ್ಚದೆ, ಎಲ್ಲರಿಗೂ ಕಾಣುವ ಹಾಗೆ ಹಾಕಿಕೊಂಡು ಹೋದಳು. ಅವನು ಆಮೇಲೆ ಪೂರ್ತಿ ತಿದ್ದಿಕೊಂಡನೆಂದು ನಾನು ಹೇಳಲಾರೆ. ಆದರೆ ಅವಳಿಗೆ ಹೋಗಲು ಮನೆಯಿಲ್ಲ ಎಂದು ಮತ್ತೆ ನಗಲಿಲ್ಲವಂತೆ. ನನ್ನ ಪಾಡು ಕೇಳಬೇಡಿ. ಉಳಿದ ಒಂದು ಬೀಗದ ಕೈ ಮಾದಮ್ಮನ ಬಳಿ, ನಾನು ಹೊರಟ ಮೇಲೆ ಬೀಗ ಹಾಕಿ ಹೋದ ಆಕೆ ಹೊಲದಲ್ಲಿ. ಬೀಗ ತಂದ ಮಹಾನುಭಾವ ಸ್ಕೂಲು ಬಿಟ್ಟ ಮೇಲೆ ದಿನವೂ ಜಗಲಿಯ ಮೇಲೆ ಕಾಯುತ್ತಿದ್ದ. ಪುಟ್ಟಮ್ಮ ಎದುರಿನಿಂದ ನೋಡಿ ನಗುತ್ತಿದ್ದಳು.

ಇಷ್ಟು ನೆನೆಸಿಕೊಳ್ಳುವಷ್ಟರಲ್ಲಿ ನಮ್ಮ ಬಡಗಿ ಕೆಲಸ ಮುಗಿಸಿ ಮೂರು ಬೀಗದ ಕೈಗಳನ್ನು ನನ್ನ ಕೈಗಿಟ್ಟಿದ್ದ. ಮನೆಯಲ್ಲಿರುವುದು ನಾವಿಬ್ಬರೇ. ಮಗಳು ಸುಮತಿಯನ್ನು ಹೋದ ವರ್ಷ ಯಳಂದೂರಿಗೆ ಕೊಟ್ಟೆವು. ಅಳಿಯ ಒಳ್ಳೆಯ ಹುಡುಗ, ಸಂಬಳದ ಕೆಲಸ, ನಮಗೆ ಅವನ ಮೇಲೆ ಯಾವ ದೂರೂ ಇಲ್ಲ. ಆದರೂ ಭಾನುವಾರ ಬಸ್ಸು ಹತ್ತಿ ಹೋಗಿ, ಅಳಿಯ ನೀರು ತರಲು ಒಳಗೆ ಹೋಗಿ ಅವಳು ಒಬ್ಬಳೇ ಇದ್ದಾಗ ಮೂರನೆಯದನ್ನು ಅವಳ ಕೈಯಲ್ಲಿಟ್ಟೆ.

"ಎಲ್ಲಾದರೂ ಊರಿಗೆ ಹೋಗ್ತಿದೀರಾ ಅಪ್ಪಾ?" ಎಂದಳು.

"ಇಲ್ಲಮ್ಮ. ನಾವು ಮನೆಯಲ್ಲೇ ಇರ್ತೀವಿ."

ನಗುತ್ತಾಳೆ, ಅಪ್ಪನಿಗೆ ಅರಳುಮರಳು ಎನ್ನುತ್ತಾಳೆ ಅಂದುಕೊಂಡಿದ್ದೆ. ನಗಲಿಲ್ಲ. ಗಂಡನಿದ್ದ ಅಡಿಗೆಮನೆಯ ಕಡೆ ಒಮ್ಮೆ ನೋಡಿ, ಬೀಗದ ಕೈಯನ್ನು ಮುಷ್ಟಿಯೊಳಗೆ ಮಾಡಿಕೊಂಡು, ದನಿ ತಗ್ಗಿಸಿ ಕೇಳಿದಳು:

"ಎಷ್ಟು ಸುತ್ತು ತಿರುಗಿಸಬೇಕಪ್ಪಾ?"

ನಾನೂ ಅಡಿಗೆಮನೆಯ ಕಡೆ ನೋಡಿ ದನಿ ತಗ್ಗಿಸಿದೆ. "ಎರಡು ಸುತ್ತಮ್ಮ, ಎಡಗಡೆಗೆ" ಎಂದೆ.