ಕನ್ನಡಿಯೊಳಗಿನ ಕತ್ತರಿ

ಬೆಳಕು ಇನ್ನೂ ಸಮುದ್ರದ ಆಚೆಗೇ ಇದೆ. ಕೆಳಗೆ ಮೊಕ್ಪೊ ಬಂದರಿನಲ್ಲಿ ಮೀನಿನ ಹರಾಜು ಶುರುವಾಗಿ, ಅದರ ಕೂಗು ಗುಡ್ಡ ಹತ್ತಿ ನಮ್ಮ ಓಣಿಯವರೆಗೂ ಬರುತ್ತಿದೆ. ಇಡೀ ಓಣಿಯಲ್ಲಿ ಷಟರ್ ಎದ್ದಿರುವುದು ಒಂದೇ ಅಂಗಡಿಯದು. ಒಳಗೆ ಬಲ್ಬಿನ ಕೆಳಗೆ ತಾಕ್ ಮಲ್-ಸುನ್ ಅಕ್ಕ ತಗಡಿನ ಹಾಳೆಯೊಂದನ್ನು ಮೊಣಕಾಲಿನಿಂದ ಒತ್ತಿ ಹಿಡಿದು ಕತ್ತರಿ ಆಡಿಸುತ್ತಿದ್ದಾಳೆ. ಕರ್ರ್, ಕರ್ರ್, ಕರ್ರ್. ಕತ್ತರಿಯ ಬಾಯಿ ಒಮ್ಮೆಯೂ ಪೂರ್ತಿ ಮುಚ್ಚುವುದಿಲ್ಲ. ಮುಚ್ಚಿದರೆ ತಗಡಿನ ಅಂಚಿನಲ್ಲಿ ಹಲ್ಲು ಮೂಡುತ್ತದೆ, ಆಮೇಲೆ ಆ ಹಲ್ಲು ಬೆರಳು ಕಚ್ಚುತ್ತದೆ. ಮುಚ್ಚುವ ಮೊದಲೇ ಮುಂದಕ್ಕೆ ತಳ್ಳಬೇಕು. ತಳ್ಳುತ್ತಿರುವುದು ಎಡಗೈ.

ಇವತ್ತು ಆ ಕೈಗೆ ಅವಸರವಿದೆ. ಮಳೆಗಾಲ ಜೇಜು ದ್ವೀಪಕ್ಕೆ ಬಂದಿಳಿದಿದೆ, ಮಧ್ಯಾಹ್ನದೊಳಗೆ ಇಲ್ಲಿಗೆ ಬರುತ್ತದೆ ಎಂದು ರೇಡಿಯೊ ಹೇಳಿಯಾಗಿದೆ. ಓಣಿಯ ಮೇಲ್ತುದಿಯಲ್ಲಿ ಅಜ್ಜಿಯರು ಹಗಲು ಕಳೆಯುವ ಮನೆಯೊಂದಿದೆ. ಅದರ ಮುಂದಿನ ಸೂರಿನ ಉದ್ದಕ್ಕೂ ಮಳೆನೀರು ಹಿಡಿಯುವ ತಗಡಿನ ದೋಣಿಯನ್ನು ಅಕ್ಕ ಒಬ್ಬಳೇ ಮಾಡಿ, ಒಬ್ಬಳೇ ಏರಿಸಿದ್ದಾಳೆ. ನೀರು ಕೆಳಗಿಳಿಯುವ ಬಾಯಿಯೊಂದು ಬಾಕಿ. ಅದೇ ಈಗ ಅವಳ ಮೊಣಕಾಲಿನ ಕೆಳಗಿರುವುದು.

ಅಂಗಡಿ ಪ್ಯೋ ದಲ್-ಸು ಅಜ್ಜನದು. ಈ ಗುಡ್ಡದ ಸೂರುಗಳಿಗೆಲ್ಲ ದೋಣಿ ಕಟ್ಟಿದ ಕೈ ಈಗ ನಡುಗುತ್ತದೆ. ಏಣಿ ಹತ್ತಲು ಕಾಲು ಒಪ್ಪುವುದಿಲ್ಲ. ಪ್ಲಾಸ್ಟಿಕ್ ಕೊಳವೆ ಮಾರುವವನೊಬ್ಬ ವಾರಕ್ಕೊಮ್ಮೆ ಹಣ್ಣಿನ ಬುಟ್ಟಿ ಹಿಡಿದು ಬಂದು ಅಂಗಡಿ ತನಗೆ ಮಾರಿ ಎಂದು ಕೇಳಿಕೊಂಡು ಹೋಗುತ್ತಿದ್ದಾನೆ. ಅಜ್ಜ ಹಣ್ಣು ತಿಂದು ಸುಮ್ಮನಿದ್ದವನು ಹೋದ ತಿಂಗಳು ಓಣಿಯವರೆಲ್ಲರ ಎದುರು ಬಾಯಿ ಬಿಟ್ಟ.

“ಅಜ್ಜಿಯರ ಮನೆ ಮುಂದಿನ ಸೂರು ನಿಂದು, ಎಡಚಿ. ಪಕ್ಕದ್ದು ನಾನು ಕಟ್ಟಿದ್ದು, ಅದನ್ನ ಮುಟ್ಟಬೇಡ. ಮೊದಲ ಮಳೇಲಿ ಜಗಲಿ ಮೇಲೆ ಒಂದು ಹನಿ ಬಿದ್ರೂ ಅಂಗಡಿ ಬೀಗದಕೈ ಪ್ಲಾಸ್ಟಿಕ್ಕಿನವನಿಗೆ. ಬೀಳಲಿಲ್ಲ ಅಂದ್ರೆ ನಿಂಗೆ.”

ಎಡಚಿ. ಓಣಿಯಲ್ಲಿ ಅವಳ ಹೆಸರೇ ಅದು. ಎಡ ಎಂದರೆ ಎಡವಟ್ಟು, ಬಲ ಎಂದರೆ ಬಲ. ಯಾವ ಬಲಗೈಯವನು ಕೂತು ಈ ಮಾತುಗಳನ್ನು ಹೊಸೆದನೋ ಗೊತ್ತಿಲ್ಲ, ಸಿಕ್ಕಿದ್ದರೆ ಕೇಳಬೇಕಿತ್ತು. ಚಿಕ್ಕವಳಿದ್ದಾಗ ಎಡಗೈಯಲ್ಲಿ ಚಮಚ ಹಿಡಿದಿದ್ದಕ್ಕೆ ಅದೇ ಚಮಚದಿಂದ ಗೆಣ್ಣಿನ ಮೇಲೆ ಏಟು ತಿಂದವಳು ಅಕ್ಕ. ಆಮೇಲೆ ಬಂದರಿನಲ್ಲಿ ಮೀನು ಸೀಳಲು ನಿಂತಳು. ಅಲ್ಲಿ ಯಾರೂ ಕೈ ನೋಡಲಿಲ್ಲ, ಬುಟ್ಟಿ ತುಂಬಿತೇ ಎಂದಷ್ಟೇ ನೋಡಿದರು. ಅವಳು ಐವತ್ತರ ಹೊಸ್ತಿಲಲ್ಲಿದ್ದಾಗ ಮೀನು ಸೀಳುವ ಯಂತ್ರ ಬಂತು, ಹೆಂಗಸರೆಲ್ಲ ಮನೆಗೆ ಬಂದರು. ಅಕ್ಕ ತಗಡಿನ ಕೆಲಸ ಕಲಿಯುತ್ತೇನೆಂದು ತರಬೇತಿ ಕೇಂದ್ರವೊಂದಕ್ಕೆ ಹೋದಳು. ಇಲ್ಲಿನ ಹತಾರಗಳೆಲ್ಲ ಬಲಗೈಯವು, ಸುರಕ್ಷತೆಯ ದೃಷ್ಟಿಯಿಂದ ಸೇರಿಸಿಕೊಳ್ಳಲಾಗದು ಎಂದರಂತೆ. ಸುರಕ್ಷತೆಯಂತೆ. ಮಂಜುಗಡ್ಡೆಯ ನೀರಿನಲ್ಲಿ ಕಾಲೂರಿ ಅದೇ ಕೈಯಲ್ಲಿ ಚೂರಿ ಹಿಡಿದು ಇಡೀ ಊರಿನ ಊಟಕ್ಕೆ ಮೀನು ಸೀಳಿದಾಗ ಯಾರ ದೃಷ್ಟಿಯೂ ಆ ಕೈಯ ಮೇಲೆ ಬಿದ್ದಿರಲಿಲ್ಲ.

ಪ್ಯೋ ಅಜ್ಜ ಸೇರಿಸಿಕೊಂಡ. ಕರುಣೆಯಿಂದಲ್ಲ, ಏಣಿ ಹತ್ತುವವರು ಬೇಕಿತ್ತು. ಮೊದಲು ಕೊಟ್ಟಿದ್ದು ಗೀರುಕಡ್ಡಿ ಮತ್ತು ಮೂಲೆಮಟ್ಟ. ತಗಡಿನ ಮೇಲೆ ಗೆರೆ ಎಳೆಯುವುದು, ಅಷ್ಟೆ. ಪೆನ್ಸಿಲ್ ಗೆರೆ ದಪ್ಪ, ಆ ದಪ್ಪದಲ್ಲೇ ನೀರು ನುಸುಳುತ್ತದೆ ಎಂದು ಅಜ್ಜನ ಹಟ. ಆಮೇಲೆ ಮರದ ಕೊಡತಿ. ಕಬ್ಬಿಣದ ಸುತ್ತಿಗೆ ತಗಡನ್ನು ಹಿಗ್ಗಿಸುತ್ತದೆ, ಹಿಗ್ಗಿದ ತಗಡು ಅಲೆ ಏಳುತ್ತದೆ. ಕೊಡತಿಯನ್ನೂ ಒಂದೇ ಕಡೆ ಬಡಿಯುವಂತಿಲ್ಲ. ಈ ತುದಿಯಿಂದ ಆ ತುದಿಗೆ ಸ್ವಲ್ಪ ಸ್ವಲ್ಪವೇ ಮಡಚುತ್ತಾ ಹೋಗಿ, ಮತ್ತೆ ಹಿಂದಕ್ಕೆ ಬಂದು, ಮತ್ತೆ ಹೋಗಬೇಕು. “ಹಪ್ಪಳದ ಹಿಟ್ಟು ಲಟ್ಟಿಸಿದ ಹಾಗೆ” ಎಂದು ನಾನು ಹೇಳಿದರೆ ಹಪ್ಪಳವನ್ನೇ ನೋಡದ ಅಕ್ಕನಿಗೆ ಗೊತ್ತಾಗದು. ಅವಳು ಹೇಳುವುದು “ಅತ್ತೇನ ಒಪ್ಪಿಸಿದ ಹಾಗೆ” ಎಂದು. ಮಡಿಕೆಗೆ ಬೇಕಾದ ಅಂಚು ಬಿಡುವುದನ್ನು ಮರೆತು ಅವಳು ಮಾಡಿದ ಮೊದಲ ಬಕೆಟ್ಟಿಗೆ ತಳ ಕೂರಲೇ ಇಲ್ಲ. ಅದು ಇವತ್ತಿಗೂ ಅಂಗಡಿಯಲ್ಲಿ ಛತ್ರಿ ಇಡುವ ಡಬ್ಬಿ.

ಇದೆಲ್ಲ ಬಂತು. ಬರದೇ ಹೋದದ್ದು ಕತ್ತರಿ. ಬಲಗೈಯವರ ಕತ್ತರಿಯನ್ನು ಎಡಗೈಯಲ್ಲಿ ಹಿಡಿದು ನೋಡಿ, ಮೇಲಿನ ಅಲಗು ಗೀರಿದ ಗೆರೆಯ ಮೇಲೇ ಬಂದು ಕೂರುತ್ತದೆ. ಎಲ್ಲಿ ಕತ್ತರಿಸಬೇಕೋ ಅದೇ ಕಾಣುವುದಿಲ್ಲ. ಅಕ್ಕ ಕತ್ತು ಸೊಟ್ಟ ಮಾಡಿ ಕತ್ತರಿಸಿದಳು, ಅಂಚು ಹಾವಿನಂತೆ ಹೋಯಿತು. ಕೈ ಬದಲಿಸು ಎಂದ ಅಜ್ಜ. ಬದಲಿಸಿದಳು, ಹೆಬ್ಬೆರಳಿನ ಬುಡ ಸೀಳಿಕೊಂಡಳು. ಕೈಯಲ್ಲಿ ದೋಷವಿದೆ ಎಂದು ಓಣಿ ತೀರ್ಮಾನಿಸಿತು. ಕತ್ತರಿಯಲ್ಲಿ ದೋಷವಿರಬಹುದು ಎಂದು ಯೋಚಿಸಿದವಳು ಅಕ್ಕ ಒಬ್ಬಳೇ.

ಮಾರ್ಕೆಟ್ಟಿನ ಮೋ ಕಮ್ಮಾರನ ಹತ್ತಿರ ಹೋಗಿ, ತಿರುಗುಮುರುಗು ಕತ್ತರಿ ಬೇಕು ಎಂದಳು. ಅವನು ಹಿಡಿಯನ್ನಷ್ಟೇ ತಿರುಗಿಸಿ, ಅಲಗುಗಳನ್ನು ಮೊದಲಿನಂತೆಯೇ ಕೂರಿಸಿ ಕೊಟ್ಟ. ಎರಡೂ ಕೈಗೆ ಆಗದ ವಸ್ತು ತಯಾರಾಯಿತು. ಎಷ್ಟು ವಿವರಿಸಿದರೂ ಅವನ ತಲೆಗೆ ಹೋಗಲಿಲ್ಲ. ಕೊನೆಗೆ ಅವನ ತೋಳು ಹಿಡಿದು ಎದುರಿನ ಬ್ಯೂಟಿ ಪಾರ್ಲರಿಗೆ ಎಳೆದುಕೊಂಡು ಹೋದಳು. ಕೂದಲಿಗೆ ಸುರುಳಿ ಸುತ್ತಿಸಿಕೊಂಡು ಕೂತ ಹೆಂಗಸರ ನಡುವೆ ಮಸಿ ಮೆತ್ತಿದ ಕಮ್ಮಾರ. ಅಕ್ಕ ಅಜ್ಜನ ಕತ್ತರಿಯನ್ನು ಬಲಗೈಯಲ್ಲಿ ಎತ್ತಿ ಗೋಡೆಗನ್ನಡಿಗೆ ಹಿಡಿದಳು.

“ನನ್ನ ಕೈಲಿರೋದನ್ನ ನೋಡಬೇಡ. ಕನ್ನಡಿ ಒಳಗಿದೆಯಲ್ಲ, ಅದು ಬೇಕು ನಂಗೆ. ಅದನ್ನ ಮಾಡಿಕೊಡು.”

ಕಮ್ಮಾರ ಬಹಳ ಹೊತ್ತು ನೋಡಿದನಂತೆ. ಸುರುಳಿ ಸುತ್ತಿದ್ದ ಹೆಂಗಸರೂ ನೋಡಿದರಂತೆ. ಆಮೇಲೆ ಅವನು, “ಮೊದಲೇ ಹೀಗೆ ಹೇಳೋಕೇನಾಗಿತ್ತು?” ಎಂದು ಗೊಣಗಿಕೊಂಡು ಎದ್ದುಹೋದ. ವಾರದ ನಂತರ ಬಂದ ಕತ್ತರಿ ಗೆರೆಯನ್ನು ಮುಚ್ಚದೆ ಓಡಿತು. ಆವತ್ತು ಸಂಜೆಯವರೆಗೂ ಅಕ್ಕ ಅಂಗಡಿಯ ಚೂರುಪಾರು ತಗಡನ್ನೆಲ್ಲ ಕತ್ತರಿಸಿ ಗುಡ್ಡೆ ಹಾಕಿದಳು. ಏನು ಮಾಡುತ್ತಿದ್ದೀಯ ಎಂದು ಅಜ್ಜ ಬೈದರೆ, ಏನೂ ಇಲ್ಲ, ಗೆರೆ ಕಾಣುತ್ತಿದೆ ಎಂದಳಂತೆ.

ಈಗ ನೀರಿಳಿಯುವ ಬಾಯಿ ಸಿದ್ಧವಾಗಿದೆ. ಅಂಚುಗಳನ್ನು ಅರದಿಂದ ಉಜ್ಜಿ, ಮಡಚಿ, ಬೆಸುಗೆ ಹಾಕಿ, ಊಟದ ಡಬ್ಬಿಯಂತೆ ಬಟ್ಟೆಯಲ್ಲಿ ಸುತ್ತಿಕೊಂಡು ಅಕ್ಕ ಓಣಿ ಹತ್ತುತ್ತಾಳೆ. ಅಜ್ಜಿಯರ ಮನೆಯ ಜಗಲಿಯ ಮೇಲೆ ಆಗಲೇ ಜನ. ಯೊಮ್ ಅಜ್ಜಿ ಗ್ಯಾಸ್ ಒಲೆಯನ್ನು ಹೊರಗೇ ತಂದು, ಸೂರಿನ ಮೂಲೆಯ ಕೆಳಗೆ ಇಟ್ಟುಕೊಂಡು, ಈರುಳ್ಳಿ ಸೊಪ್ಪಿನ ದೋಸೆಗೆ ಹಿಟ್ಟು ಕಲಸುತ್ತಿದ್ದಾಳೆ. ಮಳೆ ಬಂದ ದಿನ ಬೇರೇನು ತಿನ್ನುತ್ತಾರೆ? ಮಕ್ಕೊಲ್ಲಿ ಎಂಬ ಅಕ್ಕಿ ಹೆಂಡದ ಹೂಜಿಯೂ ಬಂದಿದೆ. ಒಲೆ ಒಳಗಿಟ್ಟುಕೊಳ್ಳಿ ಎಂದು ಅಕ್ಕ ಏಣಿಯ ಮೇಲಿನಿಂದ ಹೇಳಿದರೆ ಅಜ್ಜಿ ಕೇಳುವುದಿಲ್ಲ.

“ನೀನು ಕಟ್ಟಿದ್ದು ಸೋರಲ್ಲ ಅಂತ ನಂಬಿಕೆ ಇದ್ರೆ ನನ್ನ ಒಲೆ ಬಗ್ಗೆ ನಿಂಗ್ಯಾಕೆ ಚಿಂತೆ?”

ಪ್ಯೋ ಅಜ್ಜ ಸ್ಟೂಲಿನ ಮೇಲೆ ಕೂತು ಆಕಾಶ ನೋಡುತ್ತಿದ್ದಾನೆ. ಬೀಗದಕೈ ಮಂಡಿಯ ಮೇಲಿದೆ. ಪ್ಲಾಸ್ಟಿಕ್ಕಿನವನೂ ಇವತ್ತೇ ಹಣ್ಣಿನ ಬುಟ್ಟಿ ಹಿಡಿದು ಬಂದು, ಗೇಟಿನ ಹತ್ತಿರ ಛತ್ರಿ ಬಿಡಿಸಿ ನಿಂತಿದ್ದಾನೆ. ಒಂದು ಹನಿಯೂ ಬೀಳುವ ಮೊದಲೇ ಛತ್ರಿ.

ಹನ್ನೊಂದರ ಹೊತ್ತಿಗೆ ಸಮುದ್ರ ಕಾಣದಾಗುತ್ತದೆ. ದ್ವೀಪಗಳು ಒಂದೊಂದಾಗಿ ಅಳಿಸಿಹೋಗುತ್ತವೆ. ಮೊದಲು ಗಾಳಿ, ಆಮೇಲೆ ಹೆಂಚಿನ ಮೇಲೆ ಟಪಟಪ, ಆಮೇಲೆ ಒಂದೇ ಸಮ. ದೋಣಿ ಮೊದಲು ಸುಮ್ಮನಿರುತ್ತದೆ. ನಂತರ ಎಲ್ಲೋ ಒಳಗೆ ಗುಳುಗುಳು ಶುರುವಾಗಿ, ಮುಂದಿನ ಸೂರಿನ ಉದ್ದಕ್ಕೂ ಓಡಿ, ಬೆಳಿಗ್ಗೆ ಹುಟ್ಟಿದ ಆ ಬಾಯಿಂದ ನೀರು ದಬದಬನೆ ಚರಂಡಿಗೆ ಬೀಳುತ್ತದೆ. ಅಜ್ಜಿಯರು ಚಪ್ಪಾಳೆ ತಟ್ಟುತ್ತಾರೆ. ಬಾಣಲೆಯಲ್ಲಿ ದೋಸೆ ಹುರಿಯುವ ಸದ್ದು ಯಾವುದು, ಮಳೆಯ ಸದ್ದು ಯಾವುದು ಎಂದು ತಿಳಿಯದಷ್ಟು ಗದ್ದಲ.

ಆಗ ಚುರ್ ಎನ್ನುತ್ತದೆ.

ಬಾಣಲೆಯ ಎಣ್ಣೆಗೆ ಒಂದು ಹನಿ ಬಿದ್ದಿದೆ. ಯೊಮ್ ಅಜ್ಜಿ ಸೌಟು ಎತ್ತಿ ಹಿಡಿದು ಹಾಗೇ ನಿಲ್ಲುತ್ತಾಳೆ. ಇನ್ನೊಂದು ಹನಿ. ಚುರ್. ಅಕ್ಕ ಮೂಲೆಯನ್ನು ನೋಡುತ್ತಾಳೆ, ನೋಡಿ ತುಟಿ ಬಿಗಿಹಿಡಿಯುತ್ತಾಳೆ. ಅವಳಿಗೆ ಗೊತ್ತಾಗಿದೆ, ಹೇಳುವುದಿಲ್ಲ. ಗೇಟಿನ ಹತ್ತಿರದ ಛತ್ರಿ ನಾಲ್ಕು ಹೆಜ್ಜೆ ಒಳಗೆ ಬರುತ್ತದೆ.

“ಹನಿ ಬಿತ್ತಲ್ಲ, ಯಜಮಾನ್ರೆ.”

ಪ್ಯೋ ಅಜ್ಜ ಏಳುತ್ತಾನೆ. ಏಣಿ ಹತ್ತಲಾಗದವನು ಏಣಿಯ ಮೊದಲ ಮೆಟ್ಟಿಲಿಗೆ ಕಾಲಿಡುತ್ತಾನೆ. ಅಕ್ಕ ಓಡಿಬಂದು ಸೊಂಟ ಹಿಡಿದರೆ ಕೈ ಕೊಡವುತ್ತಾನೆ. ಹತ್ತುತ್ತಾನೆ. ಮಳೆ ತಲೆಯ ಮೇಲೆ ಸುರಿಯುತ್ತಿದೆ. ಮುಂದಿನ ದೋಣಿಯ ಅಡಿಗೆ ಬೆರಳಾಡಿಸುತ್ತಾನೆ, ಬೆಸುಗೆ ಬೆಸುಗೆಯನ್ನೂ ತಡವುತ್ತಾನೆ. ಬೆರಳನ್ನು ಕಣ್ಣಿನ ಹತ್ತಿರ ತಂದು ನೋಡುತ್ತಾನೆ. ಆಮೇಲೆ ಮೂಲೆಯಾಚೆಗೆ, ಪಕ್ಕದ ಸೂರಿನತ್ತ, ತಾನೇ ಕಟ್ಟಿದ ಹಳೆಯ ದೋಣಿಯ ಅಡಿಗೆ ಕೈ ಚಾಚುತ್ತಾನೆ. ಅಲ್ಲಿಂದ ಕೈ ತೆಗೆದಾಗ ಅಂಗೈಯಿಂದ ನೀರು ತೋಳಿಗೆ ಇಳಿಯುತ್ತದೆ, ತುಕ್ಕಿನ ಬಣ್ಣದ್ದು.

“ಇದು ನಂದು,” ಎನ್ನುತ್ತಾನೆ ಮೇಲಿನಿಂದಲೇ.

ಅಜ್ಜ ಇಳಿಯುತ್ತಾನೆ, ನೆನೆದ ಕೋಳಿಯಂತೆ ಕಾಣುತ್ತಾನೆ, ಮುಖ ಮಾತ್ರ ಮದುವೆಗೆ ಹೊರಟವನದು. ಬೀಗದಕೈಯನ್ನು ಅಕ್ಕನ ಏಪ್ರನ್ನಿನ ಜೇಬಿಗೆ ಹಾಕುತ್ತಾನೆ. ಯೊಮ್ ಅಜ್ಜಿ ಒಲೆಯನ್ನು ಮುಂದಿನ ಸೂರಿನ ನಡುವಿಗೆ ಎಳೆದುಕೊಂಡು ಕೂರುತ್ತಾಳೆ. ಮೊದಲ ದೋಸೆ ಛತ್ರಿಯವನಿಗೆ ಕೊಡಿ, ಪಾಪ, ಗುಡ್ಡ ಹತ್ತಿ ಬಂದಿದ್ದಾನೆ ಎನ್ನುತ್ತಾಳೆ ಅಕ್ಕ. ಅವನು ತಿನ್ನುತ್ತಾನೆ ಕೂಡ. ಹಣ್ಣಿನ ಬುಟ್ಟಿ ಅಜ್ಜಿಯರ ಪಾಲಾಗುತ್ತದೆ.

ಮುಂದೇನಾಗಬೇಕು ಎಂದು ಕೇಳಿದರೆ ಅಕ್ಕ ದೊಡ್ಡದೇನನ್ನೂ ಹೇಳುವುದಿಲ್ಲ. ಮೋ ಕಮ್ಮಾರನಿಗೆ ಇನ್ನೊಂದು ಕನ್ನಡಿ ಕತ್ತರಿ ಹೇಳಿದ್ದಾಳೆ, ಅಜ್ಜನ ಕತ್ತರಿಯ ಪಕ್ಕದ ಮೊಳೆಗೆ ನೇತುಹಾಕಲು. ಯಾರಾದರೂ ಎಡಗೈಯವಳು ಕಲಿಯಲು ಬಂದರೆ ಕತ್ತು ಸೊಟ್ಟ ಮಾಡಬಾರದು, ಅಷ್ಟೆ.

ಅಜ್ಜ ಟವೆಲಿನಲ್ಲಿ ತಲೆ ಒರೆಸಿಕೊಳ್ಳುತ್ತಾ ಅವಳನ್ನು ಕರೆಯುತ್ತಾನೆ. ಮಳೆ ನಿಂತ ಕೂಡಲೇ ಪಕ್ಕದ ಸೂರಿನದನ್ನೂ ಬಿಚ್ಚಬೇಕು, ಹೊಸದು ಕಟ್ಟಬೇಕು.

“ನಿಮ್ಮ ಕತ್ತರೀಲೋ, ನನ್ನ ಕತ್ತರೀಲೋ?” ಎಂದು ಅಕ್ಕ ಕೇಳುತ್ತಾಳೆ.

ಅಜ್ಜ ದೋಸೆ ಮುರಿಯುತ್ತಾನೆ. ಈರುಳ್ಳಿ ಜಾಸ್ತಿಯಾಯಿತು ಎಂದು ಯೊಮ್ ಅಜ್ಜಿಯನ್ನು ಬೈಯುತ್ತಾನೆ. ಆಮೇಲೆ ತಟ್ಟೆ ನೋಡಿಕೊಂಡೇ ಹೇಳುತ್ತಾನೆ.

“ಗೆರೆ ಯಾವುದ್ರಲ್ಲಿ ಕಾಣ್ತದೋ ಅದ್ರಲ್ಲಿ, ಮಲ್-ಸುನ್.”