ಹೆಮ್ಮಾಡಿಯ ಜಗುಲಿಯಲ್ಲಿ ವಿಮಾನದ ಬ್ರೇಕು

ಬೆಳಕು ಸರಿಯಾಗಿ ಹರಿದಿಲ್ಲ. ಹೆಮ್ಮಾಡಿಯ ಸುಗಂಧಿ ಆಗಲೇ ಜಗುಲಿಯಲ್ಲಿ ಚಾಪೆ ಹಾಸಿ ಕುಳಿತಿದ್ದಾರೆ. ಮುಂದೆ ಸ್ಟೀಲಿನ ತಟ್ಟೆ. ತಟ್ಟೆಯಲ್ಲಿರುವುದು ತಿಂಡಿಯಲ್ಲ, ಕಪ್ಪು ರಬ್ಬರಿನ ಪುಟ್ಟ ಉಂಗುರಗಳು. ಹಳೆಯ ಸಣ್ಣ ವಿಮಾನದ ಬ್ರೇಕಿನೊಳಗೆ ಎಣ್ಣೆ ಸೋರದಂತೆ ತಡೆಯುವುದು ಇವುಗಳ ಕೆಲಸ. ಒಂದೊಂದನ್ನೂ ಬೆರಳಿಗೆ ಹಾಕಿ ಹಿಗ್ಗಿಸುತ್ತಾರೆ, ಬಲ್ಬಿನ ಬೆಳಕಿಗೆ ಹಿಡಿದು ಬಿರುಕು ಹುಡುಕುತ್ತಾರೆ. ಫೋನು ಕಿವಿ ಮತ್ತು ಹೆಗಲಿನ ನಡುವೆ ಸಿಕ್ಕಿಕೊಂಡಿದೆ. ಆ ತುದಿಯಲ್ಲಿ ದೂರದ ಹಾರಾಟ ಶಾಲೆಯೊಂದರ ಕ್ಯಾಂಟೀನಿನ ಅಡುಗೆಯವರು.

"ಕಿಟ್ಟಣ್ಣ, ಮೂಲಿಯಗೆ ರೆಕ್ಕಿ ಇಲ್ದೆ ನಿಂತ ವಿಮಾನ ಇನ್ನೂ ಇತ್ತಾ? ಅದ್ರ ಪೆಡಲಿನ ಕೆಳ್ಗೆ ಬೆರಳಷ್ಟ್ ಉದ್ದದ್ ಸಿಲಿಂಡರ್ ಇತ್ತ್ ಕಾಣಿ. ಅದ್ರ ಮೇಲಿನ ನಂಬರ್ ಫೋಟೋ ತೆಗ್ದ್ ಕಳ್ಸಿ. ಇಡ್ಲಿ ಬೆಂದ್ ಮೇಲೆ ಸಾಕ್, ಅವಸರ ಇಲ್ಲ."

ಬಾಯಲ್ಲಿ ಅವಸರವಿಲ್ಲ ಎನ್ನುತ್ತಿದ್ದರೂ ಇವತ್ತು ಸುಗಂಧಿಗೆ ನೆಮ್ಮದಿಯಿಲ್ಲ. ಕಣ್ಣು ಮತ್ತೆ ಮತ್ತೆ ಗೇಟಿನತ್ತ ಹೋಗುತ್ತಿದೆ. ಬಯಲುಸೀಮೆಯ ಸಣ್ಣ ಹಾರಾಟ ಶಾಲೆಯೊಂದರಲ್ಲಿ ಇಂದು ಬೆಳಿಗ್ಗೆ ಚಂದನಾ ಎಂಬ ಹುಡುಗಿ ಒಬ್ಬಳೇ ವಿಮಾನ ಹಾರಿಸುತ್ತಾಳೆ. ಆ ವಿಮಾನದ ಬ್ರೇಕಿಗೆ ಡಿಸ್ಕ್ ಹುಡುಕಿಕೊಟ್ಟವರು ಸುಗಂಧಿ. ಚಂದನಾಳ ತಾಯಿ ಜಲಜ, ಇದೇ ದಾರಿಯಲ್ಲಿ ದಿನವೂ ಮೀನು ಮಾರಿಕೊಂಡು ಹೋಗುವವರು. ಮಳೆಗಾಲಕ್ಕೆ ಮುಂಚೆ ಮುನಿಸಿಕೊಂಡ ಜಲಜ ಈವರೆಗೆ ಈ ಗೇಟಿನೆದುರು ನಿಂತಿಲ್ಲ.

ಮೀನಿನ ಬುಟ್ಟಿಗೂ ವಿಮಾನದ ಚಕ್ರಕ್ಕೂ ಎತ್ತಣ ಸಂಬಂಧ ಎಂದರೆ ಮುಂಬಯಿಯಿಂದಲೇ ಶುರು ಮಾಡಬೇಕು. ಹಟ್ಟಿಯಂಗಡಿಯ ಹುಡುಗಿ ಸುಗಂಧಿ, ರಾಜೀವರ ಕೈಹಿಡಿದು ಮುಂಬಯಿಗೆ ಹೋದವರು. ಗಂಡನದ್ದು ಹಾರಾಟ ಶಾಲೆಯೊಂದರ ಕ್ಯಾಂಟೀನು. ಹೆಂಡತಿ ಚಟ್ನಿ ರುಬ್ಬುತ್ತಾ ಶೆಡ್ಡಿನ ಕಡೆ ಇಣುಕುತ್ತಿದ್ದರು. ಉಗ್ರಾಣದಲ್ಲಿ ಬಿಡಿಭಾಗ ಒರೆಸಿಡಲು ಜನ ಬೇಕಾದಾಗ ಸೆರಗು ಸಿಕ್ಕಿಸಿ ಹೋದವರು ಇಪ್ಪತ್ತು ವರ್ಷಕ್ಕೂ ಮಿಕ್ಕಿ ಅಲ್ಲೇ ದುಡಿದರು. "ಆಮೇಲೆ ಚಟ್ನಿ ನಾನೇ ರುಬ್ದೆ," ಎಂದು ರಾಜೀವ ಒಳಗಿನಿಂದ ಚಹಾ ತರುತ್ತಾ ನಗುತ್ತಾರೆ.

ಶಾಲೆ ಮುಚ್ಚಿತು, ಗಂಡಹೆಂಡತಿ ಊರಿಗೆ ಬಂದರು. ಫೋನು ಮಾತ್ರ ಬೆನ್ನು ಬಿಡಲಿಲ್ಲ. ಹಳೆಯ ವಿಮಾನಗಳ ಬ್ರೇಕಿನ ಸಾಮಾನು ತಯಾರಿಸುತ್ತಿದ್ದ ಕಂಪನಿಗಳು ಎಂದೋ ಅದನ್ನು ನಿಲ್ಲಿಸಿವೆ. ವಿಮಾನ ಗಟ್ಟಿಮುಟ್ಟಾಗಿದ್ದರೂ ತಟ್ಟೆಯಗಲದ ಒಂದು ಡಿಸ್ಕ್ ಸವೆದರೆ ನೆಲ ಬಿಟ್ಟು ಏಳುವಂತಿಲ್ಲ. ಎಲ್ಲೋ ಮೂಲೆಯಲ್ಲಿ ಬಿದ್ದಿರುವ ಅಂಥ ಸಾಮಾನು ಹುಡುಕುವುದು ಸುಗಂಧಿಯ ಕೆಲಸ. ಎಲ್ಲಿ ಸಿಕ್ಕಿತು, ಯಾವ ವಿಮಾನದ್ದು ಎಂದು ಅವರು ಬರೆದುಕೊಡಬೇಕು. ಪರೀಕ್ಷಿಸಿ ಕೂರಿಸುವುದು ಪರವಾನಗಿ ಇರುವ ಎಂಜಿನಿಯರ್.

ಹುಡುಕಲು ಅವರಿಗಿರುವ ದಾರಿ ನಮ್ಮವರಿಗೆ ಮಾತ್ರ ಹೊಳೆಯುವಂಥದ್ದು. ದೇಶದಲ್ಲಿ ಎಲ್ಲೆಲ್ಲಿ ಸಣ್ಣ ವಿಮಾನಗಳ ಶೆಡ್ಡಿದೆಯೋ ಅದರ ಪಕ್ಕದಲ್ಲೊಂದು ಕ್ಯಾಂಟೀನಿರುತ್ತದೆ. ಹತ್ತರಲ್ಲಿ ನಾಲ್ಕು ಕ್ಯಾಂಟೀನಿನಲ್ಲಾದರೂ ಕುಂದಾಪುರದ ಕಡೆಯ ಒಬ್ಬರು ಸಾಂಬಾರು ಕುದಿಸುತ್ತಿರುತ್ತಾರೆ. ದಿನಕ್ಕೆ ಐದಾರು ಕ್ಯಾಂಟೀನುಗಳಿಗೆ ಕರೆ ಹೋಗುತ್ತದೆ. ತಿಂಗಳಿಗೆ ಒಂದು ಸಾಮಾನು ಸಿಕ್ಕರೆ ಪುಣ್ಯ. ಡಿಸ್ಕಿನ ಗುರುತು ಅಡುಗೆಯವರಿಗೆ ಅಡುಗೆಮನೆಯ ಭಾಷೆಯಲ್ಲೇ: "ಚಕ್ಕುಲಿ ಒರಳಿನ ಬಿಲ್ಲಿ ಇತ್ತಲ್ದಾ, ಹಾಂಗೇ. ಆದ್ರೆ ಊಟದ್ ತಟ್ಟಿಯಷ್ಟ್ ಅಗಲ, ನಡುವೆ ದೊಡ್ಡ ತೂತ್, ಅಂಚಿಗೆ ಹಲ್ಲ್."

ಚಂದನಾಳಿಗೆ ಹಾರುವ ಹುಚ್ಚು ಹಿಡಿಸಿದ್ದೂ ಇದೇ ಜಗುಲಿ. ಶಾಲೆಗೆ ರಜೆ ಇದ್ದಾಗ ತಾಯಿಯ ಹಿಂದೆ ಬರುತ್ತಿದ್ದ ಮಗು, ತಾಯಿ ಮೀನು ಕೊಯ್ದು ಕೊಡುವಷ್ಟು ಹೊತ್ತು ಹಳೆಯ ಚಕ್ರವೊಂದನ್ನು ಅಂಗಳದ ತುಂಬ ಉರುಳಿಸುತ್ತಿತ್ತು. ಇದು ಯಾವುದರ ಚಕ್ರ ಎಂದು ಕೇಳಿದ್ದಕ್ಕೆ ಸುಗಂಧಿ ವಿಮಾನದ ಚಿತ್ರ ತೋರಿಸಿದರು. ಮುಂದಿನದೆಲ್ಲ ಆ ಹುಡುಗಿಯ ಹಟ.

ಕಳೆದ ಬೇಸಗೆಯಲ್ಲಿ ಚಂದನಾ ಕಲಿಯುತ್ತಿದ್ದ ವಿಮಾನ ಡಿಸ್ಕ್ ಸವೆದು ನಿಂತಿತು. ಶಾಲೆಯ ಇನ್ನೊಂದು ವಿಮಾನ ಎಂಜಿನ್ ಬಿಚ್ಚಿಕೊಂಡು ಮಲಗಿತ್ತು. ಮಳೆ ಹಿಡಿಯುವುದರೊಳಗೆ ಹಾರದಿದ್ದರೆ ಅವಳ ಪರೀಕ್ಷೆ ಮುಂದಿನ ವರ್ಷಕ್ಕೆ ಹೋಗುತ್ತಿತ್ತು. ಸುಗಂಧಿ ಇದ್ದಬದ್ದ ಕ್ಯಾಂಟೀನಿಗೆಲ್ಲ ಫೋನು ಮಾಡಿದರೂ ಡಿಸ್ಕ್ ಸಿಗಲಿಲ್ಲ.

ಆಗ ಜಲಜಳ ತಮ್ಮ ರತನ್ ಮುಂದೆ ಬಂದರು. ಗಂಗೊಳ್ಳಿಯಲ್ಲಿ ಅವರದ್ದು ಲೇತ್ ವರ್ಕ್‌ಶಾಪು. ಬೋಟಿನ ಏನೇ ಮುರಿದರೂ ಕಡೆದು ಕೊಡುವ ಕೈ. ಅಳತೆ ಕೇಳಿ ಪಡೆದು, ಬೋಟಿನ ಶಾಫ್ಟಿನ ಉಕ್ಕಿನಲ್ಲಿ ಡಿಸ್ಕ್ ಮಾಡಿಯೇ ಬಿಟ್ಟರು. ಅಕ್ಕ ತಮ್ಮ ಇಬ್ಬರೂ ಬಂದು ಅದನ್ನು ಸುಗಂಧಿಯ ಅಂಗೈಯಲ್ಲಿಟ್ಟರು. ಫಳಫಳ ಹೊಳೆಯುತ್ತಿತ್ತು, ಅಳತೆಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

ಶಾಲೆಯ ಮ್ಯಾನೇಜರಿಗೂ ಸುದ್ದಿ ಹೋಗಿತ್ತು. "ಹಳೇ ದಾಸ್ತಾನಿನಲ್ಲಿ ಸಿಕ್ಕಿದ್ದು ಅಂತ ಒಂದು ಮಾತು ಬರೆದುಕೊಡಿ, ಎಂಜಿನಿಯರ್ ಹತ್ತಿರ ನಾನು ಮಾತಾಡ್ತೇನೆ," ಎಂದರು ಅವರು ಫೋನಿನಲ್ಲಿ.

"ಸುಳ್ಳ್ ಎಂತಕ್ ಹೇಳೂದ್, ನಾ ಪೆನ್ ಹಿಡ್ದಿದ್ದೆ," ಎನ್ನುತ್ತಾರೆ ಸುಗಂಧಿ. "ಆ ಹೆಣ್ಣಿನ ಮುಖ ಕಣ್ಣೆದ್ರಿಗೆ ಬಂತ್. ಪರೀಕ್ಷೆ ತಪ್ಪಿರೆ ಅಳೂ ಮುಖ ಬಂತ್. ಮತ್ತೆ ಅದ್ ಒಬ್ಳೇ ವಿಮಾನ ಇಳ್ಸೂದ್ ಕಂಡಂಗಾಯ್ತ್. ಪೆನ್ ಕೆಳ್ಗಿಟ್ಟೆ."

ರತನ್ ಕೈಕೆಲಸದಲ್ಲಿ ದೋಷವೇನು ಎಂದು ಕೇಳಿದರು. ದೋಷ ತೋರಿಸಲು ಸುಗಂಧಿಗೂ ಆಗಲಿಲ್ಲ. "ಕಾಂಬುಕೆ ಕಂಪನಿದೂ ಇದೂ ಒಂದೇ ರತನ್. ಬ್ರೇಕ್ ಒತ್ತಿ ಕಾದ್ ಕೆಂಪಾದ್ರೆ ಇದ್ ಎಂತ ಆತ್ತ್ ಅಂದೇಳಿ ನಿಂಗೂ ಗೊತ್ತಿಲ್ಲ, ನಂಗೂ ಗೊತ್ತಿಲ್ಲ. ಗೊತ್ತಿಲ್ದೆ ಬರುಕ್ ಆತಿಲ್ಲ." ಬರೆಯಲಾಗುವುದಿಲ್ಲ ಎಂದ ಆ ಮಾತಿಗೆ ರತನ್ ತಲೆ ತಗ್ಗಿಸಿದರು. ಜಲಜ ತಗ್ಗಿಸಲಿಲ್ಲ.

"ನಮ್ಮ್ ದೋಣಿಗೆ ಬ್ರೇಕೇ ಇಲ್ಲ. ಅಜ್ಜನ್ ಕಾಲದಿಂದ ಕಡ್ಲಿಗೆ ಹೋತ್ರ್, ಬತ್ರ್. ನಾವ್ ಬದ್ಕ್‌ಲಿಲ್ಯಾ?" ಎಂದವರೇ ಬುಟ್ಟಿ ಎತ್ತಿಕೊಂಡು ಹೊರಟುಹೋದರು. ಡಿಸ್ಕ್ ಜಗುಲಿಯಲ್ಲೇ ಉಳಿಯಿತು.

ಚಂದನಾಳ ಪರೀಕ್ಷೆ ತಪ್ಪಿತು. ಮಳೆಗಾಲವಿಡೀ ಜಲಜ ಆಚೆ ಮನೆಗೆ ಮೀನು ಕೊಟ್ಟು, ಈಚೆ ಮನೆಗೆ ಕೊಟ್ಟು, ನಡುವಿನ ಈ ಮನೆಯನ್ನು ದಾಟಿ ಹೋದರು. ಸುಗಂಧಿ ಪೇಟೆಗೆ ಹೋಗಿ ಮೀನು ತಂದರು. ಮನೆಯಲ್ಲಿ ಅದು ಯಾರಿಗೂ ರುಚಿಸಲಿಲ್ಲ. ಅಷ್ಟಾದರೂ ಕ್ಯಾಂಟೀನುಗಳಿಗೆ ಫೋನು ಮಾಡುವುದನ್ನು ಬಿಡಲಿಲ್ಲ. ಕೊನೆಗೆ ಕಿಟ್ಟಣ್ಣನ ಕರೆ ಬಂತು. ಅವರ ಹಾರಾಟ ಶಾಲೆಯ ಹಳೆಯ ಉಗ್ರಾಣದಲ್ಲಿ ಈಗ ಕ್ಯಾಂಟೀನಿನ ಈರುಳ್ಳಿ ಇಡುತ್ತಾರೆ. ಚೀಲ ಸರಿಸಿದಾಗ ಅಡಿಯಲ್ಲೊಂದು ಪೆಟ್ಟಿಗೆ. ಕಂಪನಿಯ ಮುದ್ರೆ ಒಡೆದಿಲ್ಲ, ಒಳಗೆ ಎಣ್ಣೆ ಕಾಗದದಲ್ಲಿ ಸುತ್ತಿದ ಚಕ್ಕುಲಿ ಬಿಲ್ಲೆಗಳು ಎರಡು. ಈ ಸಲ ಸುಗಂಧಿ ಇದ್ದದ್ದನ್ನು ಇದ್ದ ಹಾಗೆ ಬರೆದುಕೊಟ್ಟರು. ಎಂಜಿನಿಯರ್ ಪರೀಕ್ಷಿಸಿ ಕೂರಿಸಿದರು.

ಬಿಸಿಲು ಅಂಗಳಕ್ಕೆ ಇಳಿದಿದೆ. ರಾಜೀವ ತಂದಿಟ್ಟ ಚಹಾ ಹಾಗೇ ಆರಿದೆ. ಸುಗಂಧಿ ಒಂದೇ ಉಂಗುರವನ್ನು ಮತ್ತೆ ಮತ್ತೆ ಹಿಗ್ಗಿಸಿ ನೋಡುತ್ತಿದ್ದಾರೆ. ಅಷ್ಟರಲ್ಲಿ ಗೇಟು ಕಿರ್ರೆನ್ನುತ್ತದೆ.

"ಹ್ವಾಯ್, ಸುಗಂಧಕ್ಕ."

ಜಲಜ ಬುಟ್ಟಿ ಇಳಿಸಿ, ಕಾಲಿಗಂಟಿದ ಹೊಯ್ಗೆಯನ್ನು, ಕಡಲ ದಂಡೆಯ ಆ ಮರಳನ್ನು, ಕೊಡವಿಕೊಂಡು ಮೆಟ್ಟಿಲಲ್ಲಿ ಕೂರುತ್ತಾರೆ. ಮುಖ ನೋಡದೆ ಹೇಳುತ್ತಾರೆ: "ಚಂದನಾ ಈಗ ಫೋನ್ ಮಾಡಿತ್ತ್. ಇಳ್ಸೂ ಹೊತ್ತಿಗೆ ನಾಯಿ ಅಡ್ಡ ಬಂತಂಬ್ರ್. ಬ್ರೇಕಿಗೆ ಎರಡೂ ಕಾಲ್ ಒತ್ತಿ ಹಿಡ್ದಿತ್ತಂಬ್ರ್." ಬುಟ್ಟಿಯ ಮುಚ್ಚಳ ಸರಿಸುತ್ತಾರೆ. "ನಿಂತತ್ ಅಂಬ್ರ್."

ಸುಗಂಧಿಗೆ ಅಳು ಬರುತ್ತದೆ. ಅದನ್ನು ಅವರು ಅಡಗಿಸುವುದೂ ಇಲ್ಲ. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಒಳಗಿನಿಂದ ಪಾತ್ರೆ ತರುತ್ತಾರೆ. ಜಲಜ ಬಂಗುಡೆ ಆರಿಸಿ ಹಾಕುತ್ತಾರೆ, ದೊಡ್ಡದನ್ನೇ ಆರಿಸುತ್ತಾರೆ. ಕಿಟಕಿಯ ದಂಡೆಯ ಮೇಲೆ ರತನ್ ಮಾಡಿದ ಡಿಸ್ಕ್ ಇದೆ, ತುಕ್ಕು ಹಿಡಿಯದಂತೆ ಎಣ್ಣೆ ಸವರಿ ಇಟ್ಟದ್ದು. ಜಲಜ ಅದನ್ನು ಕೈಗೆತ್ತಿಕೊಳ್ಳುತ್ತಾರೆ.

"ಇದ್ ನಾ ತಕಂಡ್ ಹೋತೆ. ಬುಟ್ಟಿ ಮುಚ್ಚಳದ್ ಮೇಲೆ ಇಟ್ರೆ ಕಾಕಿ ಬಂದ್ ಕುಕ್ಕೂ ಕಾಟ ತಪ್ಪುತ್ತ್."

ಇನ್ನೇನಾದರೂ ಆಸೆಯಿದೆಯೇ ಎಂದು ನಾವು ಕೇಳಿದರೆ ಸುಗಂಧಿ ಮೀನಿನ ಪಾತ್ರೆಗೆ ಮುಚ್ಚಳ ಹಾಕುತ್ತಾರೆ. "ವಿಮಾನ ಏರೂದ್ ಎಲ್ರೂ ಕಾಂತ್ರ್. ನಂಗೆ ಒಂದ್ ಸಲ, ಆ ಹೆಣ್ಣ್ ಅದ್ನ ನಿಲ್ಸೂದ್ ಕಾಣ್ಕ್. ಹತ್ರ ನಿಂತ್ಕಂಡ್."

"ಬಪ್ಪ ಆಯ್ತಾರ ಹೋಪ," ಎಂದು ಭಾನುವಾರಕ್ಕೇ ದಿನ ಗೊತ್ತುಮಾಡುತ್ತಾರೆ ಜಲಜ. "ಒಂದಿನ ಮೀನಿಲ್ದಿರೆ ಊರವ್ರ್ ಸಾಯುದಿಲ್ಲ."

ಬುಟ್ಟಿ ತಲೆಗೇರುತ್ತದೆ, ಮುಚ್ಚಳದ ಮೇಲೆ ಡಿಸ್ಕ್ ಬಿಸಿಲಿಗೆ ಹೊಳೆಯುತ್ತದೆ. ಗೇಟಿನವರೆಗೆ ಹೋದ ಜಲಜ, ಚಿಲಕಕ್ಕೆ ಕೈಯಿಟ್ಟು ಅಲ್ಲೇ ನಿಲ್ಲುತ್ತಾರೆ. ತಿರುಗುವುದಿಲ್ಲ.

"ದೋಣಿ ನಿಲ್ಲುಕೆ ದಡದಗೆ ಹೊಯ್ಗೆ ಇತ್ತ್, ಸುಗಂಧಕ್ಕ. ನಾ ಅದ್ ಮರ್ತಿದ್ದೆ."