ಅವ್ವನ ಮನಸು, ಅಪ್ಪನ ಕಾಲು

ನನ್ನ ಸೋದರತ್ತೆಯ ಎಡಭುಜದ ಮೇಲಿನ ಸೆರಗು ಸದಾ ಒದ್ದೆ. ಅವರ ಕುದುರೆಗಳು ಮೇವು ತಿಂದ ಬಾಯನ್ನು ತಂದು ಅಲ್ಲೇ ಇಡುತ್ತಿದ್ದವು. ಅತ್ತೆ ಅಲುಗಾಡದೆ ನಿಂತಿರುತ್ತಿದ್ದರು. ಹಸಿರು ಕಲೆ ಬೀಳದ ಇಳಕಲ್ ಸೀರೆ ಅವರ ಹತ್ತಿರ ಒಂದೂ ಇರಲಿಲ್ಲ.

ಮದುವೆಯಾದ ಹೊಸತರಲ್ಲಿ ಅವರು ಪುಣೆಯಲ್ಲಿದ್ದರು. ಗಂಡ ಅಲ್ಲಿನ ಸವಾರಿ ಶಾಲೆಯೊಂದರಲ್ಲಿ ಕೆಲಸಕ್ಕಿದ್ದರು. ಕುದುರೆಗಳು ಅಡ್ಡಗಂಬ ಜಿಗಿಯುವುದನ್ನು ಅತ್ತೆ ಕಾಂಪೌಂಡಿನ ಗೋಡೆಗೆ ಒರಗಿ ನಿಂತು ನೋಡುತ್ತಿದ್ದರಂತೆ. ಗಂಡ ತೀರಿದ ಮೇಲೆ, ಮಕ್ಕಳಿಲ್ಲದ ಅವರು ತವರೂರು ಅನಗವಾಡಿಗೆ ಮರಳಿ, ಹೊಳೆದಂಡೆಯ ಹೊಲದಲ್ಲಿ ಒಬ್ಬರೇ ಮನೆ ಮಾಡಿಕೊಂಡರು. ಕುರಿಗಾರರಿಂದ ಎರಡು ಭೀಮಥಡಿ ಹೆಣ್ಣು ಕುದುರೆಗಳನ್ನು ತಂದರು. ನಮ್ಮ ಸೀಮೆಯ ಹಳೆಯ ತಳಿ ಅದು: ಗಿಡ್ಡ ಮೈ, ಗಟ್ಟಿ ಗೊರಸು, ಸಮಾಧಾನದ ಸ್ವಭಾವ. ಅವಕ್ಕೆ ಎತ್ತರದ ರೇಸಿನ ಗಂಡು ಕುದುರೆಯನ್ನು ಕೂಡಿಸಿ ಜಿಗಿಯುವ ಕುದುರೆ ಹುಟ್ಟಿಸಬೇಕೆಂಬುದು ಅವರ ಆಸೆ. ಯಾರು ಕೇಳಿದರೂ ಒಂದೇ ಮಾತು: “ಅವ್ವನ ಮನಸು, ಅಪ್ಪನ ಕಾಲು. ಇಷ್ಟ ಕೂಡಿ ಬರಬೇಕ್ರಿ.” ಊರವರು ನಗುತ್ತಿದ್ದರು. ಆಮೇಲೆ ಕೇಳುವುದನ್ನೇ ಬಿಟ್ಟರು.

ನನ್ನ ಸಂಸಾರ ಮುರಿದ ವರ್ಷ ನನಗೆ ಬೀಳಗಿಯ ಬ್ಯಾಂಕಿಗೆ ವರ್ಗವಾಯಿತು. ಬ್ಯಾಗು ಹಿಡಿದು ಅತ್ತೆಯ ಮನೆಗೇ ಹೋದೆ. ಏನಾಯಿತೆಂದು ಅವರು ಕೇಳಲಿಲ್ಲ. ರೊಟ್ಟಿ ಹಾಕಿ ಪಕ್ಕದಲ್ಲಿ ಕೂತರು. ವಾರಗಟ್ಟಲೆ, ಪ್ರತಿ ಊಟಕ್ಕೂ ಹಾಗೇ ಕೂತರು.

ಜಮಖಂಡಿಯ ತೋಟವೊಂದರಲ್ಲಿ ರೇಸು ಬಿಟ್ಟ ಗಂಡು ಕುದುರೆಯಿತ್ತು. ಹೆಣ್ಣು ಕುದುರೆಯನ್ನು ಟೆಂಪೋದಲ್ಲಿ ಅಲ್ಲಿಗೆ ಕರೆದೊಯ್ದೆವು. ಮೊದಲ ಮರಿ ತಿರುವುಮುರುವಾಗಿ ಹುಟ್ಟಿತು: ತಾಯಿಯ ಗಿಡ್ಡ ಕಾಲು, ತಂದೆಯ ಸಿಡುಕು. ಬನಹಟ್ಟಿಯ ಮದುವೆ ಮೆರವಣಿಗೆಯವರೂ ಅದನ್ನು ಒಲ್ಲೆವೆಂದರು. ಅತ್ತೆ ಅದನ್ನೂ ಸಾಕಿದರು.

ಎರಡನೆಯದು ಕೆಂದು ಬಣ್ಣದ ಗಂಡು. ಅದು ಬೆಳೆದು ನಿಂತ ಕಾಲಕ್ಕೆ ಒಂದು ಮುಂಜಾನೆ ಪಕ್ಕದ ಕಬ್ಬಿನ ಹಸಿರು ಕಂಡು ನಮ್ಮೆದುರೇ ಮುಳ್ಳುಬೇಲಿ ಜಿಗಿಯಿತು. ಓಡಲಿಲ್ಲ, ಬೆದರಲಿಲ್ಲ. ಇಳಿದಲ್ಲೇ ತಲೆ ಬಗ್ಗಿಸಿ ಮೇಯತೊಡಗಿತು. ಅತ್ತೆ ಬಾಯಿತುಂಬ ನಕ್ಕರು. ಮರುಗಳಿಗೆ ಬದುವಿನ ಮೇಲೆ ಕೂತುಬಿಟ್ಟರು.

“ಇನ್ನ ಇವ ನಮ್ಮಲ್ಲಿ ಉಳಿಯಂಗಿಲ್ಲ, ಯವ್ವಾ,” ಎಂದರು.

ಜಿಗಿಯುವ ಕುದುರೆಗೆ ಕಲಿಸುವವರು ಬೇಕು, ಸವಾರರು ಬೇಕು, ಅನಗವಾಡಿಯಲ್ಲಿ ಅವರೆಲ್ಲಿ? ಗಂಡ ದುಡಿದ ಶಾಲೆಗೇ ಅದನ್ನು ಕಳಿಸಿಕೊಟ್ಟರು. ಆಮೇಲೂ ಎಷ್ಟೋ ದಿನ ಅದರ ಪಾಲಿನ ಕಡಲೆಯನ್ನು ನೆನೆಹಾಕುತ್ತಿದ್ದರು. ಬೆಳಿಗ್ಗೆ ನಾನು ನೋಡುವ ಮೊದಲೇ ಅದನ್ನು ಉಳಿದವುಗಳ ಬಕೆಟ್ಟಿಗೆ ಸುರಿಯುತ್ತಿದ್ದರು.

ಒಂದೆರಡು ವರ್ಷದ ಬಳಿಕ ಪುಣೆಯಲ್ಲಿ ಸ್ಪರ್ಧೆಯಿದೆ ಎಂದು ತಿಳಿದು ಇಬ್ಬರೂ ಹೋದೆವು. ನಮ್ಮ ಕೆಂದು ಕುದುರೆಯ ಬೆನ್ನ ಮೇಲೆ ಕಾಲೇಜು ಹುಡುಗಿಯೊಬ್ಬಳಿದ್ದಳು. ಕುದುರೆ ಕಂಡರೆ ನಾಲಿಗೆ ಲೊಚಗುಟ್ಟಿ ಕರೆಯುವುದು ಅತ್ತೆಯ ಅಭ್ಯಾಸ. ಅಂದು ಮಾತ್ರ ಸೆರಗಿನ ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿದು ನಿಂತಿದ್ದರು. ಕುದುರೆ ಒಂದು ಕಂಬವನ್ನೂ ಬೀಳಿಸಲಿಲ್ಲ. ಹುಡುಗಿ ಅದರ ಕುತ್ತಿಗೆ ತಬ್ಬಿಕೊಂಡಳು. ಮೈಕಿನಲ್ಲಿ ಅವಳ ಹೆಸರೂ ಶಾಲೆಯ ಹೆಸರೂ ಕೇಳಿಬಂದವು. ಹೋಗಿ ಮಾತಾಡಿಸೋಣವೆಂದು ನಾನು ಅತ್ತೆಯ ಕೈ ಹಿಡಿದೆ. ಅವರು ಬಿಡಿಸಿಕೊಂಡರು.

“ಬ್ಯಾಡ. ಅವ ಈಗ ಆ ಹುಡುಗಿ ಮಾತ ಕೇಳಾಕತ್ತಾನ. ನಾ ಹ್ವಾದ್ರ ಅವನ ಕಿವಿ ಎರಡೂ ಕಡೆ ಆಗ್ತಾವ.”

ವಾಪಸು ಬರುವಾಗ ಬಸ್ಸಿನಲ್ಲಿ ಕಿಟಕಿಯತ್ತ ಮುಖ ಮಾಡಿ ಕೂತವರು, ಮಿರಜ ದಾಟಿದ ಮೇಲೆ, “ಛಲೋ ಜಿಗದಾ,” ಎಂದರು.

ಕಳೆದ ಚಳಿಗಾಲದಲ್ಲಿ ಜ್ವರವೇ ನೆಪವಾಗಿ ಅತ್ತೆ ತೀರಿಕೊಂಡರು. ಆಗ ಒಂದು ಹೆಣ್ಣು ಕುದುರೆ ಗಬ್ಬವಾಗಿತ್ತು. ಎಲ್ಲವನ್ನೂ ಯಾರಿಗಾದರೂ ಕೊಟ್ಟುಬಿಡು ಎಂದು ಬಂಧುಗಳು ಹೇಳಿದರು. ನನ್ನಿಂದಾಗಲಿಲ್ಲ.

ಯುಗಾದಿ ಕಳೆದ ಮೇಲೆ, ಒಂದು ಬೆಳಗಿನ ಹೊತ್ತು ಮರಿ ಹುಟ್ಟಿತು. ಎದ್ದಿತು, ಬಿತ್ತು, ಮತ್ತೆ ಎದ್ದು ನಡುಗುತ್ತ ನಿಂತಿತು. ಕಾಲುಗಳು ನೀಳವಾಗಿ ಕಂಡವು. ಅವು ನೆಟ್ಟಗಿವೆಯೋ ಇಲ್ಲವೋ, ಖುಷಿಪಡಬೇಕೋ ಬೇಡವೋ, ನನಗೆ ತಿಳಿಯಲಿಲ್ಲ. ಮನೆಯ ಕಡೆ ತಿರುಗಿ, “ಅತ್ತಿ, ಬರ್ರಿ ಇಲ್ಲೆ,” ಎಂದು ಕೂಗಿಯೇಬಿಟ್ಟೆ.

ಬಾಗಿಲು ತೆರೆದೇ ಇತ್ತು. ತಾಯಿ ಕುದುರೆಯೂ ಕತ್ತೆತ್ತಿ, ಬಹಳ ಹೊತ್ತು ಅತ್ತಲೇ ನೋಡುತ್ತ ನಿಂತಿತು.